ಹಳೆಯ ಮಿರರ್ ದೋಣಿ: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು

ಹಳೆಯ ಹಾಯಿದೋಣಿಯೊಂದನ್ನು ಗ್ಯಾರೇಜಿಗೆ ತಂದುಹಾಕಿದ ಮೊದಲ ವಾರ ತುಂಬಾ ಖುಷಿಯ ವಾರ. ಎರಡನೇ ವಾರ ಅದರ ಜೊತೆ ಬಂದ ಚೀಲಗಳನ್ನು ಬಿಚ್ಚುತ್ತೀರಿ. ಗಂಟುಗಂಟಾದ ಹಗ್ಗ, ಬೂಷ್ಟು ಹಿಡಿದ ಹಾಯಿ, ಹಸಿರು ಕಟ್ಟಿದ ಹಿತ್ತಾಳೆ, ಸಿಪ್ಪೆ ಏಳುತ್ತಿರುವ ವಾರ್ನಿಷ್. ಇದರಲ್ಲಿ ಎಷ್ಟನ್ನು ಇಟ್ಟುಕೊಳ್ಳುವುದು, ಎಷ್ಟನ್ನು ಎಸೆಯುವುದು? ಅಂಗಡಿಯವರನ್ನು ಕೇಳಿದರೆ ಎಲ್ಲವನ್ನೂ ಹೊಸದು ಮಾಡಿ ಅನ್ನುತ್ತಾರೆ. ದೋಣಿ ಕೊಟ್ಟ ಅಜ್ಜನನ್ನು ಕೇಳಿದರೆ ಎಲ್ಲವೂ ಚೆನ್ನಾಗಿದೆ ಅನ್ನುತ್ತಾರೆ. ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ನಾವಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೂಲ್‌ನಲ್ಲಿ. ನನ್ನ ಬಳಿ ಇರುವುದು ಮಿರರ್ ದೋಣಿ. ಈ ದೇಶದಲ್ಲಿ ಹಳೆಯ ದೋಣಿ ಅಂತ ಯಾರಾದರೂ ಕೊಟ್ಟರೆ ಅದು ಮಿರರ್ ಆಗಿರುವ ಸಾಧ್ಯತೆ ಜಾಸ್ತಿಯೇ. ದೋಣಿ ವಿನ್ಯಾಸಕಾರ ಜ್ಯಾಕ್ ಹೋಲ್ಟ್ ಮತ್ತು ಟಿವಿಯಲ್ಲಿ ಮನೆ ರಿಪೇರಿ ಹೇಳಿಕೊಡುತ್ತಿದ್ದ ಬ್ಯಾರಿ ಬಕ್ನೆಲ್ 1962ರಲ್ಲಿ ಇದನ್ನು ರೂಪಿಸಿದರು. ಬೆನ್ನಿಗೆ ನಿಂತದ್ದು ಡೈಲಿ ಮಿರರ್ ಪತ್ರಿಕೆ. 1963ರಲ್ಲಿ ಲಂಡನ್ ಬೋಟ್ ಶೋದಲ್ಲಿ ಜನರ ಮುಂದೆ ಬಂತು. ಬಿಡಿಭಾಗಗಳ ಪೆಟ್ಟಿಗೆಯ ಬೆಲೆ ಆಗ 63 ಪೌಂಡ್ 11 ಷಿಲಿಂಗ್. ತಂದು ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಹೀಗೆ 70,000ಕ್ಕೂ ಹೆಚ್ಚು ದೋಣಿಗಳು ಹುಟ್ಟಿಕೊಂಡವು. ಉದ್ದ 3.3 ಮೀಟರ್, ಬರೀ ಒಡಲಿನ ತೂಕ 45 ಕೆಜಿಯ ಆಸುಪಾಸು. ಇಬ್ಬರು ಎತ್ತಿ ಕಾರಿನ ಮೇಲೆ ಇಡಬಹುದು.

ಜೋಡಿಸುವ ಬಗೆ ಕೇಳಿದಾಗ ನನಗೆ ನಗು ಬಂತು. ಪ್ಲೈವುಡ್ ಹಲಗೆಗಳ ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಆಮೇಲೆ ಗ್ಲಾಸ್ ಫೈಬರ್ ಪಟ್ಟಿ ಮತ್ತು ರಾಳ ಹಾಕಿ ಬಿಗಿ ಮಾಡುವುದು. ನಮ್ಮ ಪಡುವಣ ಕರಾವಳಿಯಲ್ಲಿ ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ದೋಣಿ ಕಟ್ಟುತ್ತಿದ್ದರಲ್ಲ, ಅದರ ದೂರದ ತಮ್ಮನ ಹಾಗಿದೆ.

ಆಯ್ಕೆ ಮಾಡುವಾಗ ನಾನು ಹಿಡಿದುಕೊಂಡ ಅಳತೆಗೋಲು ಒಂದೇ. ಈ ವಸ್ತು ಕೆಡುವಾಗ ಮೊದಲೇ ಹೇಳಿ ಕೆಡುತ್ತದೋ, ಹೇಳದೇ ಕೆಡುತ್ತದೋ? ಹಗ್ಗ ಮೊದಲು ನೂಲು ಬಿಡುತ್ತದೆ. ವಾರ್ನಿಷ್ ಮೊದಲು ಬಿಳಚಿಕೊಳ್ಳುತ್ತದೆ. ಹಾಯಿಯ ಹೊಲಿಗೆ ಎರಡು ಇಂಚು ಬಿಚ್ಚಿಕೊಂಡು ಎಚ್ಚರಿಸುತ್ತದೆ. ಇವುಗಳನ್ನು ಹಳೆಯದೇ ಇಟ್ಟುಕೊಂಡು ಆರೈಕೆ ಮಾಡಬಹುದು. ಆದರೆ ಮರದೊಳಗಿನ ಹಿತ್ತಾಳೆ ಸ್ಕ್ರೂ ಏನೂ ಹೇಳುವುದಿಲ್ಲ. ಕೂವೆಮರವನ್ನು, ಅಂದರೆ ಮಾಸ್ಟನ್ನು, ಹಿಡಿದಿಡುವ ಸ್ಟೀಲ್ ತಂತಿ ಒಂದು ದಿನ ಟಪ್ ಅಂದುಬಿಡುತ್ತದೆ. ಅಂಥ ಕಡೆ ದುಡ್ಡು ಹಾಕಬೇಕು. ಚಂದ ಕಾಣುವುದಕ್ಕಿಂತ ಮೊದಲು ಅದಕ್ಕೆ.

ಹಾಯಿ: ಹಳೆಯದು, ಸೆಕೆಂಡ್ ಹ್ಯಾಂಡ್, ಹೊಸದು

ಮಿರರ್‌ನ ಹಾಯಿ ಕೆಂಪು. ಪತ್ರಿಕೆಯ ತಲೆಬರಹದ ಕೆಂಪು ಅದು. ಆದರೆ ಈ ದೇಶದ ಹಳೆಯ ಮೀನುಗಾರಿಕೆ ದೋಣಿಗಳ ಹಾಯಿ ಕೆಂಗಂದು ಬಣ್ಣಕ್ಕಿದ್ದುದರ ಕಾರಣ ಬೇರೆ. ಹತ್ತಿ ಬಟ್ಟೆ ಕೊಳೆಯದಿರಲಿ ಅಂತ ಅದನ್ನು ಮರದ ತೊಗಟೆಯ ಕಷಾಯದಲ್ಲಿ ನೆನೆಸುತ್ತಿದ್ದರು. ಆಮೇಲೆ ಪೂರ್ವ ದೇಶಗಳಿಂದ ಬರುತ್ತಿದ್ದ ಒಂದು ಸರಕು ಬಳಕೆಗೆ ಬಂತು. ಅದಕ್ಕೆ ಇಂಗ್ಲಿಷರ ಹೆಸರು ಕಚ್. ಬೇರೇನಲ್ಲ, ನಾವು ಎಲೆಯಡಿಕೆಗೆ ಹಾಕಿಕೊಳ್ಳುವ ಕಾಚು. ಅಜ್ಜಿಯ ಬಾಯಿ ಮತ್ತು ಇಲ್ಲಿನ ದೋಣಿಯ ಹಾಯಿ ಒಂದೇ ವಸ್ತುವಿನಿಂದ ಕೆಂಪಾಗಿದ್ದವು ಅಂತ ತಿಳಿದ ದಿನ ಊರಿಗೆ ಫೋನ್ ಮಾಡಿ ಹೇಳಿದ್ದೆ.

ಈಗಿನ ಹಾಯಿ ಪಾಲಿಯೆಸ್ಟರ್ ಬಟ್ಟೆ. ಕೊಳೆಯುವುದಿಲ್ಲ, ಆದರೆ ಬಿಸಿಲಿಗೆ ಸೋಲುತ್ತದೆ. ಮೊದಲು ಸಾಯುವುದು ಬಟ್ಟೆಯಲ್ಲ, ದಾರ. ದಾರ ಬಟ್ಟೆಯ ಮೇಲೆ ಎದ್ದು ನಿಂತಿರುತ್ತದೆ. ಬಿಸಿಲೂ ಅದಕ್ಕೇ, ಉಜ್ಜಾಟವೂ ಅದಕ್ಕೇ. ಹೊಲಿಗೆಯ ಮೇಲೆ ಉಗುರಿನಿಂದ ಗೀರಿ ನೋಡಿ. ದಾರ ಪುಡಿಯಾಗಿ ಕಿತ್ತು ಬಂದರೆ ಪೂರ್ತಿ ಮರುಹೊಲಿಗೆ ಬೇಕು. ಬಟ್ಟೆಯನ್ನು ಪರೀಕ್ಷಿಸಲು ಹಿಂದಿನ ಅಂಚಿನ ಹತ್ತಿರ ಎರಡು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಜಗ್ಗಿ. ಅಲ್ಲೇ ಹರಿದರೆ ಅದರ ಆಯುಸ್ಸು ಮುಗಿಯಿತು. ಹೊಲಿಯುವುದೂ ದಂಡ.

ಬಟ್ಟೆ ಗಟ್ಟಿ, ದಾರ ಮಾತ್ರ ಸತ್ತಿದೆ ಅಂದರೆ ಹಳೆಯ ಹಾಯಿಯನ್ನೇ ಇಟ್ಟುಕೊಳ್ಳಿ. ಈ ಗಾತ್ರದ ಬಟ್ಟೆಯನ್ನು ಮನೆಯ ಹೊಲಿಗೆ ಯಂತ್ರ ಆರಾಮಾಗಿ ಹೊಲಿಯುತ್ತದೆ. ಜಿಗ್‌ಜಾಗ್ ಹೊಲಿಗೆ, ಸ್ವಲ್ಪ ದಪ್ಪ ಸೂಜಿ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ. ಹತ್ತಿ ದಾರ ಬೇಡ. ಮೂಲೆಗಳಲ್ಲಿ ಐದಾರು ಪದರ ಇರುತ್ತದೆ, ಅಲ್ಲಿ ಯಂತ್ರ ಒದ್ದಾಡುತ್ತದೆ. ಅಷ್ಟನ್ನು ಕೈಯಲ್ಲಿ ಹೊಲಿಯಿರಿ. ಅಂಗೈಗೆ ಹಾಕಿಕೊಳ್ಳುವ ತೊಗಲಿನ ಪಟ್ಟಿ ಸಿಗುತ್ತದೆ, ಅದಿಲ್ಲದೆ ಕೈ ತೂತಾಗುತ್ತದೆ. ಸಣ್ಣ ಹರಕಿಗೆ ಅಂಟುವ ತೇಪೆ ಸಾಕು, ಆದರೆ ಅಂಚಿಗೆ ಒಂದು ಸುತ್ತು ಹೊಲಿಗೆ ಹಾಕಿ.

ಸೆಕೆಂಡ್ ಹ್ಯಾಂಡ್ ಹಾಯಿ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ರೇಸಿನವರು ಎರಡು ಮೂರು ಸೀಸನ್ ಓಡಿಸಿ ಮಾರುವ ಹಾಯಿಗಳಿರುತ್ತವೆ. ಅವರಿಗೆ ಆಕಾರ ಕೆಟ್ಟಿರುತ್ತದೆ, ನಮಗೆ ಹೊಸದರ ಹಾಗೆಯೇ. ಇದು ಒಳ್ಳೆಯ ವ್ಯಾಪಾರ. ಆದರೆ ಮಿರರ್‌ಗೆ ಎರಡು ಬಗೆಯ ಕೂವೆಮರ ಇದೆ. ಹಳೆಯದರಲ್ಲಿ ಕೂವೆಮರ ಗಿಡ್ಡ, ಅದರ ಮೇಲೆ ಇನ್ನೊಂದು ಕೋಲು ಜಾರಿ ನೆಟ್ಟಗೆ ಏರುತ್ತದೆ. ಇದಕ್ಕೆ ಗಂಟರ್ ಅನ್ನುತ್ತಾರೆ. ಎಲ್ಲ ಕೋಲುಗಳೂ ದೋಣಿಯೊಳಗೇ ಮಲಗಬೇಕು ಅನ್ನುವ ಲೆಕ್ಕದ ಜಾಣತನ ಅದು. ಆಮೇಲೆ ಒಂದೇ ಉದ್ದದ ಕೂವೆಮರಕ್ಕೂ ಒಪ್ಪಿಗೆ ಸಿಕ್ಕಿತು. ನಿಮ್ಮದು ಯಾವುದು, ಹಾಯಿ ಯಾವುದಕ್ಕೆ ಹೊಲಿದದ್ದು ಅಂತ ಕೇಳದೆ ದುಡ್ಡು ಕೊಡಬೇಡಿ.

ಪೂರ್ತಿ ಹೊಸ ಹಾಯಿ? ರೇಸಿಗೆ ಇಳಿಯುವವರಿಗೆ ಮಾತ್ರ. ಅದರ ಬೆಲೆ ದೋಣಿಯ ಬೆಲೆಗಿಂತ ಎಷ್ಟೋ ಪಟ್ಟು ಆಗುತ್ತದೆ. ಮಕ್ಕಳನ್ನು ಕೂರಿಸಿಕೊಂಡು ಸಂಜೆ ಒಂದು ಸುತ್ತು ಹೋಗುವವರಿಗೆ ಹೊಟ್ಟೆ ಬಿದ್ದ ಹಳೆಯ ಹಾಯಿ ಸಾಕು. ಗಾಳಿಗೆ ಎದುರಾಗಿ ಏರುವಾಗ ನಾಲ್ಕು ದೋಣಿ ನಿಮ್ಮನ್ನು ದಾಟುತ್ತವೆ, ಅಷ್ಟೇ.

ತೊಳೆಯುವ ವಿಚಾರದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಚಿಕ್ಕ ಹಾಯಿಯನ್ನು ವಾಷಿಂಗ್ ಮಷೀನಿಗೆ ಹಾಕಿದೆ. ಹೊರಬಂದದ್ದು ಮೆತ್ತನೆಯ ಬೆಡ್‌ಶೀಟು. ಬಟ್ಟೆಯನ್ನು ಬಿರುಸಾಗಿ ಇಡುವುದು ಅದರೊಳಗೆ ತುಂಬಿದ ರಾಳ. ಯಂತ್ರದ ಕುಲುಕಾಟಕ್ಕೆ ಅದು ಒಡೆದು ಹೋಗುತ್ತದೆ. ಹುಲ್ಲಿನ ಮೇಲೆ ಹರಡಿ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆಯ ಬ್ರಷ್. ಇಷ್ಟೇ. ಬೂಷ್ಟಿನ ಕಲೆಗೆ ಬಿಳಿ ಪಾಲಿಯೆಸ್ಟರ್ ಮೇಲಾದರೆ ತುಂಬಾ ತೆಳು ಮಾಡಿದ ಬ್ಲೀಚ್ ಹಾಕಿ ಬೇಗ ತೊಳೆಯಬಹುದು. ಕೆಂಪು ಹಾಯಿಗೆ ಹಾಕಿದರೆ ಬಣ್ಣ ಹೋಗುತ್ತದೆ, ಕಲೆಯ ಜಾಗದಲ್ಲಿ ಇನ್ನೊಂದು ಕಲೆ. ಬಲೂನಿನ ಹಾಗೆ ಉಬ್ಬುವ ಸ್ಪಿನೇಕರ್ ಹಾಯಿ ನೈಲಾನಿನದು. ನೈಲಾನನ್ನು ಬ್ಲೀಚ್ ತಿಂದುಹಾಕುತ್ತದೆ, ಅದರ ಹತ್ತಿರವೂ ತರಬೇಡಿ.

ಹಗ್ಗ: ಎಲ್ಲಕ್ಕೂ ಒಂದೇ ಹಗ್ಗ ಆಗುವುದಿಲ್ಲ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಇಲ್ಲಿನವರು ಶೀಟ್ ಅಂದರೆ ಹಾಯಿಯ ಬಟ್ಟೆಯಲ್ಲ. ಹಾಯಿಯನ್ನು ಎಳೆದು ಹಿಡಿಯುವ ಹಗ್ಗ. ಹಾಯಿಯನ್ನು ಮೇಲಕ್ಕೆ ಏರಿಸುವ ಹಗ್ಗ ಹಾಲ್ಯಾರ್ಡ್. ಈ ಎರಡರ ಕೆಲಸವೇ ಬೇರೆ, ಹಾಗಾಗಿ ಹಗ್ಗವೂ ಬೇರೆ.

ಶೀಟ್ ದಿನವಿಡೀ ಕೈಯಲ್ಲಿರುತ್ತದೆ. ಅಲ್ಲಿ ಗಟ್ಟಿತನಕ್ಕಿಂತ ಹಿಡಿತ ಮುಖ್ಯ. ಹೆಣೆದ ಪಾಲಿಯೆಸ್ಟರ್ ಹಗ್ಗ, ಮೇಲ್ಮೈ ಸ್ವಲ್ಪ ನಯಗೂದಲಿನಂತಿರುವುದು, 8 ಮಿಲಿಮೀಟರ್ ದಪ್ಪ. 6 ಮಿಲಿಮೀಟರ್ ಹಗ್ಗವೂ ಭಾರ ತಡೆಯುತ್ತದೆ, ಆದರೆ ಅರ್ಧ ಗಂಟೆಗೆ ಬೆರಳು ಕೊಯ್ಯುತ್ತದೆ. ಮಗಳ ಕೈಗೆ 8 ಮಿಲಿಮೀಟರೇ ಸರಿ. ಹಳೆಯ ಶೀಟ್ ಬಿರುಸಾಗಿದೆ, ಆದರೆ ನೂಲು ಹರಿದಿಲ್ಲ ಅಂದರೆ ಎಸೆಯಬೇಡಿ. ಅದು ಒಳಗೆ ಕೂತ ಉಪ್ಪು. ದಿಂಬಿನ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ತಣ್ಣೀರಿನಲ್ಲಿ ಮಷೀನಿಗೆ ಹಾಕಿ. ಹಾಯಿಗೆ ಬೇಡ ಅಂದದ್ದು ಹಗ್ಗಕ್ಕೆ ಆಗುತ್ತದೆ.

ಹಾಲ್ಯಾರ್ಡ್ ವಿಷಯ ಬೇರೆ. ಅದನ್ನು ಒಮ್ಮೆ ಎಳೆದು ಕಟ್ಟಿದರೆ ಸಂಜೆಯವರೆಗೆ ಮುಟ್ಟುವುದಿಲ್ಲ. ಅಲ್ಲಿ ಬೇಕಾದದ್ದು ಹಿಗ್ಗದಿರುವ ಗುಣ. ಗಂಟರ್ ದೋಣಿಯಲ್ಲಿ ಇದು ಇನ್ನೂ ಮುಖ್ಯ. ಹಗ್ಗ ಎರಡು ಬೆರಳು ಹಿಗ್ಗಿದರೆ ಮೇಲಿನ ಕೋಲು ಕೆಳಗಿಳಿದು ಕೂವೆಮರದಿಂದ ದೂರ ಜೋಲುತ್ತದೆ. ಹಾಯಿಯ ಆಕಾರ ಹಾಳು. ಇಲ್ಲಿ ಮೂರು ಆಯ್ಕೆ ಇವೆ.

ಮಾಮೂಲು ಹೆಣಿಗೆಯ ಪಾಲಿಯೆಸ್ಟರ್ ಅಗ್ಗ. ಹಿಗ್ಗುತ್ತದೆ. ಮೊದಲೇ ಎಳೆದು ಬಿಗಿಮಾಡಿದ ಪಾಲಿಯೆಸ್ಟರ್ ಇದೆ, ಪ್ರಿ-ಸ್ಟ್ರೆಚ್ಡ್ ಅಂತ ಕೇಳಿ. ಇದು ಸ್ವಲ್ಪ ಬಿರುಸು, ಹಿಗ್ಗುವುದು ಕಮ್ಮಿ, ಬೆಲೆಯೂ ಕೈಗೆಟಕುವಂಥದ್ದು. ಮೂರನೆಯದು ಡೈನೀಮಾ ಅನ್ನುವ ಕೃತಕ ನಾರಿನ ಹಗ್ಗ. ತೂಕಕ್ಕೆ ಹೋಲಿಸಿದರೆ ಉಕ್ಕನ್ನೂ ಮೀರಿಸುವ ಗಟ್ಟಿ, ನೀರಿನಲ್ಲಿ ತೇಲುತ್ತದೆ, ಹಿಗ್ಗುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಆದರೆ ಅದು ಮೇಣದ ಹಾಗೆ ನುಣುಪು. ಮಾಮೂಲು ಗಂಟು ಜಾರುತ್ತದೆ. ಹಳೆಯ ದೋಣಿಯ ಕ್ಲೀಟುಗಳು, ಅಂದರೆ ಹಗ್ಗ ಜಾರದಂತೆ ಹಿಡಿಯುವ ಹಿಡಿಕೆಗಳು, ದಪ್ಪ ಹಗ್ಗಕ್ಕೆ ಮಾಡಿದವು, ಸಣ್ಣ ಡೈನೀಮಾ ಅವುಗಳಲ್ಲಿ ನಿಲ್ಲುವುದಿಲ್ಲ. ಕರಗುವ ಬಿಸಿಯೂ ಕಮ್ಮಿ, 150 ಡಿಗ್ರಿ ಸೆಲ್ಸಿಯಸ್ ಹತ್ತಿರ. ಪಾಲಿಯೆಸ್ಟರ್ 250 ದಾಟಿಯೂ ತಡೆಯುತ್ತದೆ. ಹಾಗಾಗಿ ಡೈನೀಮಾದ ತುದಿಯನ್ನು ಲೈಟರಿನಿಂದ ಸುಟ್ಟು ಮುಚ್ಚುವ ಅಭ್ಯಾಸ ಬಿಡಿ. ದಾರ ಸುತ್ತಿ ಕಟ್ಟಿ.

ನನ್ನ ಆಯ್ಕೆ 5 ಮಿಲಿಮೀಟರಿನ ಪ್ರಿ-ಸ್ಟ್ರೆಚ್ಡ್. ಡೈನೀಮಾ ಹಾಕಿದರೆ ಕ್ಲೀಟ್ ಬದಲಿಸಬೇಕು, ಕಪ್ಪಿ ಬದಲಿಸಬೇಕು, ಅದರ ಬೆನ್ನಿಗೆ ಇನ್ನೊಂದು. ಹಳೆಯ ದೋಣಿಗೆ ಒಂದು ಹೊಸ ವಸ್ತು ತಂದರೆ ಅದು ತನ್ನ ನೆಂಟರನ್ನೆಲ್ಲ ಕರೆದುಕೊಂಡು ಬರುತ್ತದೆ.

ಲಂಗರಿಗೆ ನೈಲಾನ್. ಅದು ಹಿಗ್ಗುತ್ತದೆ, ಅಲ್ಲಿ ಹಿಗ್ಗುವುದೇ ಬೇಕು. ಅಲೆಯ ಜಗ್ಗಾಟವನ್ನು ಅದು ನುಂಗಿಕೊಳ್ಳುತ್ತದೆ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ನೀಲಿ ಪಾಲಿಪ್ರೊಪಿಲೀನ್ ಹಗ್ಗ ತೇಲುತ್ತದೆ ನಿಜ. ಬಿಸಿಲಿಗೆ ಬೇಗ ಮುಳ್ಳುಮುಳ್ಳಾಗಿ ಪುಡಿಯಾಗುತ್ತದೆ. ಬಟ್ಟೆ ಒಣಹಾಕಲು ಇಟ್ಟುಕೊಳ್ಳಿ. ತೆಂಗಿನ ನಾರು, ಮನಿಲಾ ಹಗ್ಗ ನೋಡಲು ಚಂದ. ಒದ್ದೆಯಾದರೆ ಕುಗ್ಗುತ್ತವೆ, ಒದ್ದೆಯಲ್ಲೇ ಇಟ್ಟರೆ ಒಳಗಿನಿಂದ ಕೊಳೆಯುತ್ತವೆ. ಊರ ನೆನಪಿಗೆ ಒಂದು ತುಂಡು ಗೋಡೆಗೆ ನೇತುಹಾಕಿದ್ದೇನೆ, ದೋಣಿಗೆ ಕಟ್ಟಿಲ್ಲ.

ಮರ: ವಾರ್ನಿಷ್, ಎಣ್ಣೆ, ಎಪಾಕ್ಸಿ, ಬಣ್ಣ

ಜಾಸ್ತಿ ಹೊತ್ತು ತಿನ್ನುವುದು ಇದೇ. ಜಾಸ್ತಿ ಜಗಳವೂ ಇಲ್ಲೇ. ಹತ್ತು ದೋಣಿಯವರನ್ನು ಕೇಳಿದರೆ ಹನ್ನೊಂದು ಉತ್ತರ.

ಕೂವೆಮರ ಮತ್ತು ಉಳಿದ ಕೋಲುಗಳು ಗಾಳಿಗೆ ಬಾಗುತ್ತವೆ. ಅವುಗಳ ಮೇಲಿನ ಪದರವೂ ಜೊತೆಗೆ ಬಾಗಬೇಕು. ಟಂಗ್ ಮರದ ಬೀಜದ ಎಣ್ಣೆ ಮತ್ತು ರಾಳದಿಂದ ಮಾಡಿದ ಹಳೆಯ ಬಗೆಯ ಸ್ಪಾರ್ ವಾರ್ನಿಷ್ ಅದಕ್ಕೆಂದೇ ಇರುವುದು. ಮೆತ್ತಗಿರುತ್ತದೆ, ಬಾಗುತ್ತದೆ, ಬಿಸಿಲು ತಡೆಯುವ ಅಂಶ ಸೇರಿಸಿರುತ್ತಾರೆ. ಗೀರು ಬೀಳುವುದು ಬೇಗ, ಆದರೆ ಗೀರಿದ ಜಾಗವನ್ನಷ್ಟೇ ಉಜ್ಜಿ ಮತ್ತೆ ಹಚ್ಚಬಹುದು. ಎರಡು ಡಬ್ಬಿಯದನ್ನು ಬೆರೆಸಿ ಹಚ್ಚುವ ಪಾಲಿಯುರೆಥೇನ್ ಗಾಜಿನಂತೆ ಹೊಳೆಯುತ್ತದೆ, ಕಲ್ಲಿನಂತೆ ಗಟ್ಟಿ. ಆ ಗಟ್ಟಿತನವೇ ಕೋಲಿನ ಮೇಲೆ ಶತ್ರು. ಮರ ಬಾಗಿದಾಗ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ. ಹೊಳಪಿನ ಕೆಳಗೇ ಮರ ಕಪ್ಪಾಗುತ್ತದೆ. ಸಾಲದ್ದಕ್ಕೆ ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ, ತಕ್ಕ ಮಾಸ್ಕ್ ಇಲ್ಲದೆ, ಉಸಿರಿಗೆ ಕೆಟ್ಟದ್ದು. ಮನೆಯಲ್ಲಿ ಮಾಡುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಎಣ್ಣೆ ಹಚ್ಚುವುದು ಎಲ್ಲಕ್ಕಿಂತ ಸುಲಭ. ಬಟ್ಟೆಯಲ್ಲಿ ಒರೆಸಿದರೆ ಆಯಿತು, ಸಿಪ್ಪೆ ಏಳುವುದಿಲ್ಲ. ನಮ್ಮ ಕರಾವಳಿಯಲ್ಲೂ ದೋಣಿಗೆ ಗೇರು ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು. ಆದರೆ ಅಲ್ಲಿ ವರ್ಷ ವರ್ಷ ಬಳಿಯುವ ಕೈಗಳಿದ್ದವು. ಇಲ್ಲಿ ಶನಿವಾರ ಮಾತ್ರ ಸಿಗುವ ನಾನೊಬ್ಬ. ಅಗಸೆ ಎಣ್ಣೆ ಕಪ್ಪಾಗುತ್ತದೆ, ಬೂಷ್ಟಿಗೆ ಊಟವಾಗುತ್ತದೆ. ಕೈ ಹಿಡಿಯುವ ಜಾಗಗಳಿಗೆ, ಚುಕ್ಕಾಣಿಯ ಹಿಡಿಗೆ ಟಂಗ್ ಎಣ್ಣೆ ಸರಿ. ಕೋಲುಗಳಿಗೆ ಬೇಡ. ಒಂದು ಎಚ್ಚರಿಕೆ: ಇಂಥ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಚುಕ್ಕಾಣಿಯ ಹಲಗೆ ಮತ್ತು ದೋಣಿಯ ನಡುವೆ ಕೆಳಗಿಳಿಸುವ ಹಲಗೆ ಬಾಗುವುದಿಲ್ಲ, ಆದರೆ ನೀರಿನಲ್ಲೇ ಇರುತ್ತವೆ. ಇವಕ್ಕೆ ಎಪಾಕ್ಸಿ, ಅಂದರೆ ಗಟ್ಟಿಕಾರಕ ಬೆರೆಸಿ ಹಚ್ಚುವ ರಾಳ. ನೀರನ್ನು ಅದರಷ್ಟು ತಡೆಯುವುದು ಬೇರೊಂದಿಲ್ಲ. ಆದರೆ ಬಿಸಿಲಿಗೆ ಎಪಾಕ್ಸಿ ಮಗು. ಹಳದಿಯಾಗಿ ಸುಣ್ಣದ ಪುಡಿಯಂತಾಗುತ್ತದೆ. ಅದರ ಮೇಲೆ ವಾರ್ನಿಷೋ ಬಣ್ಣವೋ ಬೇಕೇ ಬೇಕು. ಹಚ್ಚುವ ಮೊದಲು ಎಪಾಕ್ಸಿಯ ಮೈಯನ್ನು ಬರೀ ನೀರು ಹಾಕಿ ಉಜ್ಜಿ ತೊಳೆಯಿರಿ. ಒಣಗುವಾಗ ಮೇಣದಂಥ ಜಿಡ್ಡು ಮೇಲೆ ಬಂದಿರುತ್ತದೆ. ಸ್ಯಾಂಡ್‌ಪೇಪರ್ ಅದನ್ನು ತೆಗೆಯುವುದಿಲ್ಲ, ಹರಡುತ್ತದೆ.

ಒಡಲಿನ ಹೊಲಿಗೆಯ ಪಟ್ಟಿ ಎದ್ದಿದ್ದರೆ ಇಲ್ಲೊಂದು ಹೋಲಿಕೆ ಮುಖ್ಯ. ಮೂಲ ದೋಣಿಗೆ ಹಾಕಿದ್ದು ಪಾಲಿಯೆಸ್ಟರ್ ರಾಳ. ಅಗ್ಗ, ವಾಸನೆ ಜೋರು, ಮರಕ್ಕೆ ಅಂಟುವುದು ಅಷ್ಟಕ್ಕಷ್ಟೆ. ದುರಸ್ತಿಗೆ ಎಪಾಕ್ಸಿಯನ್ನೇ ತನ್ನಿ. ಹಳೆಯ ಪಾಲಿಯೆಸ್ಟರ್ ಮೇಲೆ, ಚೆನ್ನಾಗಿ ಉಜ್ಜಿದರೆ, ಎಪಾಕ್ಸಿ ಕೂರುತ್ತದೆ. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಕೂರುವುದಿಲ್ಲ. ಒಮ್ಮೆ ಎಪಾಕ್ಸಿಗೆ ಹೋದರೆ ಮುಂದೆಯೂ ಅದೇ. ಮರ ಒಳಗೆ ಮೆತ್ತಗಾಗಿದೆಯೋ ತಿಳಿಯಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಿ, ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ. ಟಣ್ ಅಂದರೆ ಸರಿ. ದಬ್ ಅಂದ ಕಡೆ ಚಾಕುವಿನ ಮೊನೆ ಇಟ್ಟು ನೋಡಿ.

ವಾರ್ನಿಷ್ ಹಚ್ಚುವ ಕ್ರಮ ಚಿಕ್ಕದಾಗಿ. ಬರಿ ಮರಕ್ಕೆ ಮೊದಲ ಪದರ ಅರ್ಧಕ್ಕರ್ಧ ತೆಳು ಮಾಡಿ. ಎರಡನೆಯದು ಕಾಲು ಭಾಗ ತೆಳು. ಆಮೇಲೆ ಡಬ್ಬಿಯಿಂದ ನೇರ, ಒಟ್ಟು ಆರಾದರೂ ಪದರ. ನಡುನಡುವೆ 240ರ ಸ್ಯಾಂಡ್‌ಪೇಪರ್, ಕೊನೆಗೆ 320. ಇಲ್ಲಿನ ಹವೆಗೆ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಮುಗಿಸಿ. ಸಂಜೆ ಹಚ್ಚಿದರೆ ಇಬ್ಬನಿ ಬಿದ್ದು ಹೊಳಪು ಮಂಕಾಗುತ್ತದೆ. ಕೋಲುಗಳ ತುದಿಗೆ, ಸ್ಕ್ರೂ ತೂತಿನ ಒಳಗೆ ಎರಡು ಪದರ ಜಾಸ್ತಿ ಕೊಡಿ. ನೀರು ನುಗ್ಗುವುದು ಅಲ್ಲಿಂದಲೇ. ದೋಣಿಯ ಮೇಲಿನ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಒಣ ಉಜ್ಜುವುದು ಬೇಡ, ನೀರು ಹಾಕಿಕೊಂಡು ಉಜ್ಜಿ.

ದೋಣಿಯ ಒಳಮೈಗೆ ಬಣ್ಣವೇ ಸಾಕು. ಬಿಸಿಲನ್ನು ಬಣ್ಣ ತಡೆಯುವಷ್ಟು ಯಾವ ವಾರ್ನಿಷೂ ತಡೆಯುವುದಿಲ್ಲ. ಮರದ ಗೆರೆ ಕಾಣಬೇಕು ಅನ್ನುವ ಆಸೆ ನನಗೂ ಇತ್ತು. ಎರಡು ಚಳಿಗಾಲ ಕಳೆದ ಮೇಲೆ ಆ ಆಸೆ ಕೋಲುಗಳಿಗೆ ಮಾತ್ರ ಉಳಿದಿದೆ.

ಲೋಹ: ಹಿತ್ತಾಳೆ, ಕಂಚು, ಸ್ಟೇನ್‌ಲೆಸ್

ಕಳೆದ ಬೇಸಿಗೆಯಲ್ಲಿ ಅಮ್ಮ ಗಂಗೊಳ್ಳಿಯಿಂದ ಬಂದಿದ್ದರು. ನಾನು ಕೆಲಸಕ್ಕೆ ಹೋಗಿದ್ದಾಗ ದೋಣಿಯ ಹಿತ್ತಾಳೆ ಸಾಮಾನಿನ ಡಬ್ಬಿ ಅವರ ಕಣ್ಣಿಗೆ ಬಿತ್ತು. ಬಂದು ನೋಡಿದರೆ ಎಲ್ಲವೂ ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು ಸಾಲಾಗಿ ಹೊಳೆಯುತ್ತಿದ್ದವು. "ಚಂದ ಆಯ್ಲ್ಯಾ ಮಗಾ?" ಅಂದರು. ಚಂದವೇನೋ ಆಗಿತ್ತು. ಆದರೆ ಎಲ್ಲವೂ ನಸುಗೆಂಪು. ನನಗೆ ಎದೆ ಧಸಕ್ಕೆಂದಿತು.

ಯಾಕೆಂದರೆ ಉಪ್ಪುನೀರಿನಲ್ಲಿ ಹಿತ್ತಾಳೆ ಸಾಯುವ ಗುರುತೇ ಆ ನಸುಗೆಂಪು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಸಮುದ್ರದ ನೀರು ಸತುವನ್ನು ಎಳೆದುಕೊಂಡು ಹೋಗುತ್ತದೆ. ಉಳಿಯುವುದು ಸ್ಪಂಜಿನಂಥ ತಾಮ್ರ. ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ. ಹುಣಸೆಯ ಹುಳಿಯೂ ಮೇಲ್ಮೈಯಲ್ಲಿ ತಾಮ್ರದ ಬಣ್ಣವನ್ನೇ ತರುತ್ತದೆ, ಆದರೆ ಅದು ಬರೀ ಮೇಲ್ಪದರ. ಎರಡನ್ನೂ ಬೇರೆ ಮಾಡಿ ನೋಡಲು ಅರ ತೆಗೆದುಕೊಂಡು ಒಂದು ಮೂಲೆ ಉಜ್ಜಿ. ಕೆಳಗೆ ಹಳದಿ ಕಂಡರೆ ಬದುಕಿದೆ. ಆಳಕ್ಕೂ ನಸುಗೆಂಪೇ ಇದ್ದು ಪುಡಿ ಉದುರಿದರೆ ಸತ್ತಿದೆ. ನಮ್ಮ ಡಬ್ಬಿಯಲ್ಲಿ ಮೇಲಿನ ಸಾಮಾನೆಲ್ಲ ಬದುಕಿತ್ತು. ಚುಕ್ಕಾಣಿಯ ಕೊಂಡಿ ಹಿಡಿದಿದ್ದ ಆರು ಸ್ಕ್ರೂಗಳಲ್ಲಿ ನಾಲ್ಕು ಸತ್ತಿದ್ದವು. ಹೊರಗೆ ತಲೆ ಹೊಳೆಯುತ್ತಿತ್ತು, ಒಳಗೆ ಬಿಸ್ಕತ್ತು. ಹಾಗೆ ನೋಡಿದರೆ ಅಮ್ಮನಿಂದಲೇ ಗೊತ್ತಾದದ್ದು.

ಆದ್ದರಿಂದ ನೀರಿಗೆ ತಾಗದ, ಭಾರ ಹೊರದ ಜಾಗದಲ್ಲಿ ಹಳೆಯ ಹಿತ್ತಾಳೆ ಇರಲಿ. ನೀರಿನ ಮಟ್ಟದ ಕೆಳಗೆ, ಮರದೊಳಗೆ ಸಿಲಿಕಾನ್ ಕಂಚಿನ ಸ್ಕ್ರೂ ಹಾಕಿ. ಅದರಲ್ಲಿ ಬಹುಪಾಲು ತಾಮ್ರ, ಸುಮಾರು ನೂರಕ್ಕೆ 3ರಷ್ಟು ಸಿಲಿಕಾನ್. ದುಬಾರಿ, ಆದರೆ ಈ ಗಾತ್ರದ ದೋಣಿಗೆ ಬೇಕಾದದ್ದು ಕೆಲವು ಡಜನ್ ಅಷ್ಟೇ. ಹೊಸ ಸ್ಕ್ರೂವನ್ನು ನೇರ ತಿರುಗಿಸಬೇಡಿ, ಮೆತ್ತನೆ ಲೋಹ, ತಲೆ ಮುರಿಯುತ್ತದೆ. ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂ ಹಾಕಿ ತೆಗೆದು ದಾರಿ ಮಾಡಿ. ಆಮೇಲೆ ಕಂಚಿನದಕ್ಕೆ ಸ್ವಲ್ಪ ಮೇಣ ಸವರಿ ತಿರುಗಿಸಿ.

ಸ್ಟೇನ್‌ಲೆಸ್ ಎಲ್ಲಕ್ಕೂ ಮದ್ದು ಅಂತ ಜನ ನಂಬಿದ್ದಾರೆ. ಅದು ತುಕ್ಕು ಹಿಡಿಯದಿರಲು ಗಾಳಿ ಬೇಕು. ಒದ್ದೆ ಮರದೊಳಗೆ ಗಾಳಿಯಿಲ್ಲದೆ ಕೂತರೆ ಸಂದಿನಲ್ಲಿ ಕೊರೆದುಕೊಂಡು ಹೋಗುತ್ತದೆ, ಅದೂ ಹೇಳದೇ. ಹೊರಗೆ ಇರುವ ಕೊಂಡಿ, ಶ್ಯಾಕಲ್‌ಗಳಿಗೆ (ಪಿನ್ನು ಹಾಕಿ ಮುಚ್ಚುವ ಯು ಆಕಾರದ ಕೊಂಡಿ) ಸ್ಟೇನ್‌ಲೆಸ್ ಒಳ್ಳೆಯದು, 316 ದರ್ಜೆಯದಾದರೆ. ಬೋಲ್ಟಿನ ತಲೆಯ ಮೇಲೆ ಎ4 ಅಂತ ಇರುತ್ತದೆ. ಅಡುಗೆಮನೆಯ ಪಾತ್ರೆಯ ದರ್ಜೆ 304, ಬೋಲ್ಟಿನಲ್ಲಿ ಎ2. 316ರಲ್ಲಿ ಸೇರಿಸಿರುವ ಮಾಲಿಬ್ಡಿನಮ್ ಉಪ್ಪನ್ನು ತಡೆಯುತ್ತದೆ. ಆನ್‌ಲೈನಿನಲ್ಲಿ ಒಬ್ಬರಿಂದ ಸಮುದ್ರಕ್ಕೆಂದೇ ಮಾಡಿದ್ದು ಅಂತ ಬರೆದಿದ್ದ ಶ್ಯಾಕಲ್ ತರಿಸಿದ್ದೆ. ಮೂರು ವಾರಕ್ಕೆ ಚಹಾ ಬಣ್ಣ. ದರ್ಜೆ ಬರೆದಿಲ್ಲದಿದ್ದರೆ ಕೊಳ್ಳಬೇಡಿ.

ಕೂವೆಮರವನ್ನು ಹಿಡಿಯುವ ತಂತಿಗಳು

ಇಲ್ಲಿ ಹೆಚ್ಚು ಮಾತಿಲ್ಲ. ಹಳೆಯದು ಎಷ್ಟು ಹಳೆಯದು ಅಂತ ಗೊತ್ತಿಲ್ಲದಿದ್ದರೆ ಬದಲಿಸಿ. ಹತ್ತಿಯನ್ನು ತಂತಿಯುದ್ದಕ್ಕೂ ಸವರಿ, ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಎಳೆ ಹರಿದಿದೆ. ಆದರೆ ಹತ್ತಿ ಸಿಕ್ಕಿಕೊಳ್ಳಲಿಲ್ಲ ಅಂದ ಮಾತ್ರಕ್ಕೆ ನಂಬಬೇಡಿ, ಇದು ಒಳಗೊಳಗೇ ಕೆಡುವ ಜಾತಿ. ತುದಿಯಲ್ಲಿ ಒತ್ತಿ ಕೂರಿಸಿದ ಲೋಹದ ಬಳೆಯಿದೆಯಲ್ಲ, ಅದರ ಒಳಗೆ ಮೊದಲು ಕೆಡುವುದು, ಅಲ್ಲಿ ಕಣ್ಣು ಹೋಗುವುದಿಲ್ಲ. ಹೊಸದು ಮಾಡಿಸುವಾಗ ಕೂವೆಮರದ ಆಧಾರಕ್ಕೆ 19 ಎಳೆಗಳನ್ನು ಒಟ್ಟಿಗೆ ಹೊಸೆದ ತಂತಿ ಕೇಳಿ. ಅದು ಬಿರುಸು, ಹಿಗ್ಗುವುದಿಲ್ಲ. 19 ಎಳೆಗಳ ಏಳು ಸುರುಳಿ ಸೇರಿಸಿದ ಬಳುಕುವ ತಂತಿ ಕಪ್ಪಿಯ ಮೇಲೆ ಓಡುವ ಜಾಗಕ್ಕೆ. ತುದಿಯ ಬಳೆ ಒತ್ತಲು ಯಂತ್ರ ಬೇಕು. ಇದೊಂದು ಕೆಲಸವನ್ನು ಮನೆಯಲ್ಲಿ ಮಾಡದೆ ಅಂಗಡಿಗೆ ಕೊಟ್ಟೆ. ಡೈನೀಮಾದಲ್ಲೇ ಈ ಆಧಾರ ಕಟ್ಟುವವರೂ ಇದ್ದಾರೆ. ಹೆಣೆಯುವ ಕೈ ಕುದುರಿದ್ದರೆ ಮಾಡಬಹುದು, ನನ್ನದು ಕುದುರಿಲ್ಲ.

ಕಪ್ಪಿಗಳು

ಕಂದು ಬಣ್ಣದ, ಬಟ್ಟೆಯ ನೇಯ್ಗೆ ಸಣ್ಣಗೆ ಕಾಣುವ ಕಪ್ಪಿಗಳು ನಿಮ್ಮ ಚೀಲದಲ್ಲಿದ್ದರೆ ಅವು ಟಫ್ನಾಲ್. ಬಟ್ಟೆಗೆ ರಾಳ ಕುಡಿಸಿ ಒತ್ತಿ ಮಾಡಿದ್ದು. ಎಸೆಯಬೇಡಿ, ಮಾರಲೂ ಬೇಡಿ. ರಾತ್ರಿಯಿಡೀ ಬೆಚ್ಚನೆ ನೀರಿನಲ್ಲಿ ನೆನೆಹಾಕಿದರೆ ಉಪ್ಪು ಬಿಟ್ಟು ಮತ್ತೆ ತಿರುಗುತ್ತವೆ. ನಡುವಿನ ಕಡ್ಡಿ ಸವೆದಿದೆಯಾ ಮಾತ್ರ ನೋಡಿ. ಹಾಲ್ಯಾರ್ಡಿಗೆ ಇವು ಸಾಕು. ದೊಡ್ಡ ಹಾಯಿಯ ಶೀಟಿಗೆ ಮಾತ್ರ ಗುಂಡುಗಳ ಮೇಲೆ ಓಡುವ ಹೊಸ ಕಪ್ಪಿ ತಂದೆ. ಗಾಳಿ ಜೋರಾದಾಗ ಹಗ್ಗ ಥಟ್ಟನೆ ಓಡಿ ಹೋಗಬೇಕು, ಇಲ್ಲದಿದ್ದರೆ ದೋಣಿ ಮಗುಚುತ್ತದೆ. ಈ ಹೊಸದಕ್ಕೆ ಎಣ್ಣೆ, ಗ್ರೀಸ್ ಹಾಕಬೇಡಿ. ಮರಳು ಅಂಟುತ್ತದೆ. ಸಿಹಿನೀರು ಸುರಿದರೆ ಆಯಿತು.

ತೇಲುವ ಜಾಕೆಟ್ ಬಗ್ಗೆ ಹೋಲಿಕೆಯೇ ಬೇಡ. ದೋಣಿಯ ಜೊತೆ ಬಂದದ್ದು ಎಷ್ಟೇ ಚೆನ್ನಾಗಿ ಕಂಡರೂ ಹೊಸದು ಕೊಳ್ಳಿ, ಮೈಗೆ ಸರಿಹೊಂದುವಂಥದ್ದು. ಹಾಗೆಯೇ ದೋಣಿಯೊಳಗಿನ ಮುಚ್ಚಿದ ಗಾಳಿಪೆಟ್ಟಿಗೆಗಳು. ಮಗುಚಿದಾಗ ದೋಣಿಯನ್ನು ತೇಲಿಸುವುದು ಅವೇ. ಅಂಚಿಗೆಲ್ಲ ಸೋಪುನೀರು ಬಳಿದು, ತೂತಿನಿಂದ ಬಾಯಲ್ಲಿ ಮೆಲ್ಲಗೆ ಊದಿ. ಗುಳ್ಳೆ ಎದ್ದ ಕಡೆ ಸೀಸದಕಡ್ಡಿಯ ಗುರುತು ಹಾಕಿ, ಒಣಗಿದ ಮೇಲೆ ಎಪಾಕ್ಸಿ.

ಚಳಿಗಾಲದಲ್ಲಿ ಎಲ್ಲಿಡುವುದು

ಗ್ಯಾರೇಜೋ, ಹೊರಗೆ ಟಾರ್ಪಾಲಿನ ಕೆಳಗೋ? ಊರಲ್ಲಿ ಮಳೆಗಾಲ ಬಂದರೆ ದೋಣಿಯನ್ನು ಮೇಲೆಳೆದು ಮಡಲಿನ ಚಪ್ಪರದ ಕೆಳಗೆ ಇಡುತ್ತಿದ್ದರು. ಸುತ್ತ ಗಾಳಿ ಆಡುತ್ತಿತ್ತು. ಅದೇ ಸರಿಯಾದ ಬಗೆ. ಮರವನ್ನು ಕೊಳೆಸುವುದು ಉಪ್ಪುನೀರಿಗಿಂತ ಮಳೆನೀರು. ಟಾರ್ಪಾಲನ್ನು ದೋಣಿಗೆ ಬಿಗಿಯಾಗಿ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಬರುತ್ತದೆ. ದೋಣಿಯನ್ನು ಕವುಚಿ ಹಾಕಿ, ಎರಡು ಮರದ ತುಂಡಿನ ಮೇಲೆ ಎತ್ತಿ, ಗಾಳಿಪೆಟ್ಟಿಗೆಗಳ ಮುಚ್ಚಳ ತೆಗೆದಿಡಿ.

ಹಾಯಿಯನ್ನು ಮಡಿಸಬೇಡಿ, ಸುತ್ತಿ. ಮಡಿಸಿದ ಗೆರೆಯಲ್ಲೇ ಬಟ್ಟೆ ಮುರಿಯುತ್ತದೆ. ಸುತ್ತಿದ ಹಾಯಿಯನ್ನು ಗ್ಯಾರೇಜಿನ ನೆಲದ ಮೇಲೆ ಇಡುವುದೋ, ಮಾಡಿನಿಂದ ನೇತುಹಾಕುವುದೋ ಅನ್ನುವುದು ಕೊನೆಯ ಆಯ್ಕೆ. ಮೊದಲ ವರ್ಷ ನೆಲದ ಮೇಲೆ ಇಟ್ಟೆ. ಮಾರ್ಚ್‌ನಲ್ಲಿ ಬಿಚ್ಚಿದರೆ ನಡುವಿನಲ್ಲಿ ಇಲಿ ಸಂಸಾರ ಹೂಡಿತ್ತು, ಏಳು ಪದರಕ್ಕೂ ಒಂದೇ ತೂತು. ಏಳು ತೇಪೆ ಹಾಕಿದೆ. ಈಗ ನೇತುಹಾಕುತ್ತೇನೆ.